ಒಂದೇ ಬಾಗಿಲು, ಹಲವು ಕಾಗುಣಿತ

ಒಂದೇ ಊರಿಗೆ ಎರಡು ಹೆಸರಿರುವುದು ಕಾಸರಗೋಡಿನವರಿಗೆ ಹೊಸತಲ್ಲ. ಕನ್ನಡದ ಕುಂಬಳೆ ಮಲಯಾಳದಲ್ಲಿ ಕುಂಬಳ. ಕುಂಬಳೆಗೆ ಯಾರನ್ನೂ ಬಿಡಬಾರದೆಂದು ಕನ್ನಡದ ಹೆಸರನ್ನಷ್ಟೇ ಬರೆದುಕೊಂಡು ಕುಳಿತ ಕಾವಲುಗಾರನ ಎದುರಿನಲ್ಲೇ ‘ಕುಂಬಳ’ ಎಂದು ಹೇಳಿದವನು ದಾಟಿಹೋಗುತ್ತಾನೆ. ವೆಬ್ ಸರ್ವರ್‌ಗಳನ್ನು ಕಾಲು ಶತಮಾನದಿಂದ ಕಾಡುತ್ತಿರುವ ‘ಪಾತ್ ಟ್ರಾವರ್ಸಲ್’ ದೋಷದ ಬೇರು ಇಂಥದ್ದೇ.

ಸರ್ವರ್ ತನಗೆ ಒಪ್ಪಿಸಿದ ಫೋಲ್ಡರಿನೊಳಗಿನ ಕಡತಗಳನ್ನು ಮಾತ್ರ ಕೊಡಬೇಕು. ಆದರೆ ವಿಳಾಸದಲ್ಲಿ ಎರಡು ಚುಕ್ಕೆ ಮತ್ತು ಓರೆಗೆರೆ (../) ಬಂದರೆ ಒಂದು ಮೆಟ್ಟಿಲು ಮೇಲಕ್ಕೆ ಹೋಗೆಂದು ಅರ್ಥ. ಹೀಗೆ ಏರುತ್ತ ಹೋದವನು ಇಡೀ ಯಂತ್ರದ ಕಡತಗಳನ್ನು ತಲುಪಬಲ್ಲ. ಚುಕ್ಕೆಗಳನ್ನು ಕಂಡೊಡನೆ ತಡೆದರಾಯಿತಲ್ಲ ಎನ್ನಬಹುದು. ತೊಡಕೆಂದರೆ, ವೆಬ್ ವಿಳಾಸದಲ್ಲಿ ಅದೇ ಚಿಹ್ನೆಯನ್ನು ಶೇಕಡಾ ಗುರುತಿನ ಸಂಕೇತವಾಗಿಯೂ ಬರೆಯಬಹುದು.

2000ದ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರ್‌ನಲ್ಲಿ ಬಯಲಾದದ್ದು ಇದೇ. ಒಂದೇ ಬೈಟ್ ಸಾಕಾಗುವ ಓರೆಗೆರೆಯನ್ನು ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿಯಾದ ಯುಟಿಎಫ್-8ರ ನಿಯಮ ತಿರುಚಿ ಎರಡು ಬೈಟ್‌ಗಳಲ್ಲಿ ಬರೆದರೆ ಕಾವಲು ಅದನ್ನು ಗುರುತಿಸುತ್ತಿರಲಿಲ್ಲ, ಒಳಗಿನ ವ್ಯವಸ್ಥೆ ಮಾತ್ರ ಓರೆಗೆರೆಯೆಂದೇ ಓದುತ್ತಿತ್ತು. ಬೇರೊಂದು ದೋಷಕ್ಕೆಂದು ಬಂದಿದ್ದರೂ ಇದಕ್ಕೂ ಪರಿಹಾರವಾಗುವ ತೇಪೆ ಅದಕ್ಕೂ ಮೊದಲೇ, ಆಗಸ್ಟ್‌ನಲ್ಲಿಯೇ ಸಿಕ್ಕುತ್ತಿತ್ತು. ಹಾಗಿದ್ದೂ 2001ರ ಸೆಪ್ಟೆಂಬರಿನಲ್ಲಿ ನಿಮ್ಡಾ ಎಂಬ ಹುಳು (ತಾನೇ ಯಂತ್ರದಿಂದ ಯಂತ್ರಕ್ಕೆ ಹರಡುವ ದುಷ್ಟ ಪ್ರೋಗ್ರಾಂ) ಹರಡಿದ ದಾರಿಗಳಲ್ಲಿ ಇದೂ ಒಂದಾಗಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಐಐಎಸ್‌ನ ಇನ್ನೊಂದು ತಪ್ಪು ಹೊರಬಿತ್ತು: ತಪಾಸಣೆ ಮುಗಿದ ಮೇಲೆ ಅದು ಸಂಕೇತವನ್ನು ಇನ್ನೊಮ್ಮೆ ಬಿಡಿಸುತ್ತಿತ್ತು.

ಇಪ್ಪತ್ತು ವರ್ಷಗಳ ಬಳಿಕ ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರ್ ಅದೇ ಹಳ್ಳಕ್ಕೆ ಬಿದ್ದುದನ್ನು ನೋಡಿದರೆ ನಮ್ಮ ನೆನಪು ಎಷ್ಟು ಮೋಟು ಎನಿಸುತ್ತದೆ. 2.4.49ನೆಯ ಆವೃತ್ತಿಯಲ್ಲಿ ವಿಳಾಸ ಸರಿಪಡಿಸುವ ಕ್ರಮವನ್ನು ಬದಲಿಸಿದ್ದರಿಂದ ಸಂಕೇತರೂಪದ ಚುಕ್ಕೆ ನುಸುಳಿತು. ಅದನ್ನು ಸರಿಪಡಿಸಲು 2021ರ ಅಕ್ಟೋಬರ್ 4ರಂದು ಬಂದ 2.4.50 ಎರಡು ಬಾರಿ ಸಂಕೇತಿಸಿದ ಚುಕ್ಕೆಗೆ ಸೋತಿತು. ಮೂರೇ ದಿನಗಳಲ್ಲಿ 2.4.51 ಹೊರಡಿಸಬೇಕಾಯಿತು.

ಓದುವುದಕ್ಕಿಂತ ಬರೆಯುವ ಅವಕಾಶ ಇನ್ನೂ ಘೋರ, ಏಕೆಂದರೆ ಬರೆದ ಕಡತವನ್ನು ಸರ್ವರ್ ತಾನೇ ಚಲಾಯಿಸಬಹುದು. 2017ರಲ್ಲಿ, ಬರೆಯಲು ಅನುಮತಿ ಕೊಟ್ಟಿದ್ದ ಟಾಮ್‌ಕ್ಯಾಟ್ ಸರ್ವರ್‌ಗಳಿಗೆ ಸರ್ವರ್ ಚಲಾಯಿಸುವ ಜೆಎಸ್‌ಪಿ ಕಡತದ ಹೆಸರಿನ ಕೊನೆಗೊಂದು ಓರೆಗೆರೆ ಅಂಟಿಸಿ ಕಳಿಸಿದರೆ ಸಾಕಿತ್ತು, ಕಡತ ಒಳಗೆ ಸೇರುತ್ತಿತ್ತು. 2018ರಲ್ಲಿ ಹೆಸರು ಪಡೆದ ‘ಜಿಪ್ ಸ್ಲಿಪ್’ನಲ್ಲಿ ಚುಕ್ಕೆಗಳು ಅಡಗಿದ್ದುದು ಹಲವು ಕಡತಗಳನ್ನು ಒಂದಾಗಿ ಕಟ್ಟಿದ ಜಿಪ್ ಕಟ್ಟಿನೊಳಗಿನ ಹೆಸರುಗಳಲ್ಲಿ.

ಸಂಕೇತವನ್ನು ಪೂರ್ತಿ ಬಿಡಿಸಿ, ಕಡತದ ನಿಜವಾದ ಸ್ಥಾನ ನಿಷ್ಕರ್ಷೆಯಾದ ಬಳಿಕವೇ ಅದು ಫೋಲ್ಡರಿನೊಳಗಿದೆಯೇ ಎಂದು ನೋಡುವುದು ಸರಿಯಾದ ಕ್ರಮ. ಎರಡನೆಯ ಬೀಗವೂ ಬೇಕು: 2021ರಲ್ಲಿಯೂ, ಹೊರಗಿನ ಫೋಲ್ಡರುಗಳಿಗೆಲ್ಲ ಪ್ರವೇಶ ನಿಷೇಧಿಸುವ ಸಾಲನ್ನು ಅಳಿಸದೆ ಉಳಿಸಿಕೊಂಡಿದ್ದ ಅಪಾಚೆ ಸರ್ವರ್‌ಗಳಲ್ಲಿ ಆ ಚುಕ್ಕೆಗಳಿಂದ ಏನೂ ಗಿಟ್ಟಲಿಲ್ಲ.