ವೆದರ್ ರಿಪೋರ್ಟ್ ಯಾಕೆ ನಯವಾಯಿತು?

ಮೈಸೂರಿನಲ್ಲಿ ಸಂಗೀತ ಕಚೇರಿ ಮುಗಿದ ಮೇಲೆ ಒಂದು ವಾದ ಗ್ಯಾರಂಟಿ. ಮನೋಧರ್ಮ, ಅಂದರೆ ಆ ಕ್ಷಣದಲ್ಲೇ ಹೊಳೆದದ್ದನ್ನು ಹಾಡುವುದು, ನುಡಿಸುವುದು, ಇನ್ನೂ ಜಾಸ್ತಿ ಬೇಕಿತ್ತು ಅಂತ ಒಬ್ಬರು, ಮೊದಲೇ ರಚಿಸಿಟ್ಟ ಕೃತಿ ಅಚ್ಚುಕಟ್ಟಾಗಿ ಬಂದರೆ ಸಾಕಪ್ಪ ಅಂತ ಇನ್ನೊಬ್ಬರು. ವಿ.ವಿ. ಮೊಹಲ್ಲಾದ 8ನೇ ಕ್ರಾಸ್ ಗಣಪತಿ ಪೆಂಡಾಲಿನಲ್ಲಿ ಕೂತವರಿಗೆ ಇದು ಹೊಸದಲ್ಲ. ವೆದರ್ ರಿಪೋರ್ಟ್ ಅನ್ನುವ ಜಾಝ್-ರಾಕ್ ಬ್ಯಾಂಡ್ ಬಗ್ಗೆಯೂ ಇದೇ ಜಗಳ ಇದೆ.

1970ರಲ್ಲಿ ಅದನ್ನು ಕಟ್ಟಿದವರು ಕೀಬೋರ್ಡಿನ ಜೋ ಝಾವಿನುಲ್, ಸ್ಯಾಕ್ಸೊಫೋನಿನ ವೇಯ್ನ್ ಶಾರ್ಟರ್, ಬೇಸ್ ನುಡಿಸುತ್ತಿದ್ದ ಮಿರೊಸ್ಲಾವ್ ವಿಟೌಸ್. ಮೊದಲಿಬ್ಬರೂ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ಪಳಗಿದವರು. ಶುರುವಿನಲ್ಲಿ ಯಾರು ಮುಖ್ಯ ವಾದಕ, ಯಾರು ಪಕ್ಕವಾದ್ಯ ಅಂತಲೇ ಗೊತ್ತಾಗುತ್ತಿರಲಿಲ್ಲ. 1972ರ ಎರಡನೇ ಆಲ್ಬಮ್‌ನಲ್ಲಿ ಟೋಕಿಯೊ ಕಚೇರಿಯ ಭಾಗ ಇದೆ, ಕೇಳಿ ನೋಡಿ. ಹಿಡಿಯೋಕೆ ಒಂದು ಪಲ್ಲವಿಯೂ ಸಿಗುವುದಿಲ್ಲ.

1973ರ ‘ಸ್ವೀಟ್‌ನೈಟರ್’ ಆಲ್ಬಮ್ ಹೊತ್ತಿಗೆ ಝಾವಿನುಲ್‌ಗೆ ಕಾಲು ಕುಣಿಸುವ ಗಟ್ಟಿ ತಾಳ ಬೇಕಾಯಿತು. ಹೊರಗಿನಿಂದ ಇನ್ನೊಬ್ಬ ಡ್ರಮ್ಮರ್, ಇನ್ನೊಬ್ಬ ಬೇಸ್ ವಾದಕ ಬಂದರು. ವಿಟೌಸ್‌ಗೆ ಇದು ಒಗ್ಗಲಿಲ್ಲ, ಸ್ವಲ್ಪ ದಿನದಲ್ಲೇ ಹೊರನಡೆದರು.

ಹಾಗಂತ ಮನೋಧರ್ಮ ಸತ್ತಿತು ಅನ್ನುವುದು ತಪ್ಪು. ಅದು ವೇದಿಕೆ ಬಿಟ್ಟು ಝಾವಿನುಲ್ ಮನೆ ಸೇರಿತು, ಅಷ್ಟೇ. ಅವರು ಒಬ್ಬರೇ ಕೂತು ಮನಸ್ಸಿಗೆ ಬಂದದ್ದನ್ನು ನುಡಿಸಿ ಟೇಪ್ ಮಾಡಿಕೊಳ್ಳುತ್ತಿದ್ದರು. ಆಮೇಲೆ ಅದನ್ನೇ ಕೇಳಿ ಸ್ವರ ಬರೆದು ಬ್ಯಾಂಡಿನವರ ಮುಂದೆ ಇಡುತ್ತಿದ್ದರು. ಯಂತ್ರವೂ ಕೈಜೋಡಿಸಿತು. ಹಳೆಯ ಸಿಂಥಸೈಜರ್‌ಗಳಲ್ಲಿ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಬೋರ್ಡುಗಳಲ್ಲಿ) ಒಂದು ಸಲಕ್ಕೆ ಒಂದೋ ಎರಡೋ ಸ್ವರ. ಓಬರ್‌ಹೈಮ್ ಕಂಪನಿಯ ಸಿಂಥಸೈಜರ್ ಬಂದ ಮೇಲೆ ಹಲವು ಸ್ವರ ಒಟ್ಟಿಗೆ ಹಿಡಿಯಬಹುದಾಯಿತು. ಒಬ್ಬನೇ ಮನುಷ್ಯ ಇಡೀ ವಾದ್ಯವೃಂದ!

1976ರಲ್ಲಿ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಸೇರಿದರು. ಮರುವರ್ಷ ‘ಹೆವಿ ವೆದರ್’ ಆಲ್ಬಮ್, ಅದರಲ್ಲಿ ‘ಬರ್ಡ್‌ಲ್ಯಾಂಡ್’ ಅನ್ನುವ ರಚನೆ. ಶುರುವಿನಲ್ಲಿ ಗಿಟಾರ್ ಅನ್ನಿಸುವ ಎತ್ತರದ ಎಳೆ ಇದೆಯಲ್ಲ, ಅದು ಜಾಕೊ ಬೇಸ್ ತಂತಿಗೆ ಬೆರಳು ಸುಮ್ನೆ ತಾಗಿಸಿ ಎಬ್ಬಿಸಿದ್ದು. ಒಬ್ಬರೇ ಮನೋಧರ್ಮದಿಂದ ನುಡಿಸುವ ಉದ್ದದ ಸೋಲೊ ಇಲ್ಲ. ಒಂದರ ಮೇಲೊಂದು ಚರಣ ಬರುತ್ತಾ ಹೋಗುತ್ತದೆ. ಜನ ಮುಗಿಬಿದ್ದು ಕೊಂಡರು. ಹಳೆಯ ಅಭಿಮಾನಿಗಳು ಮೂಗು ಮುರಿದರು.

ನಮ್ಮೂರಿನವರು ಬರೆದಿಟ್ಟ ಸಂಗೀತವನ್ನು ಕೀಳಾಗಿ ನೋಡಬೇಕಿಲ್ಲ, ಅಲ್ವಾ? ಸ್ವತಃ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ್ 1940ರ ದಶಕದಲ್ಲಿ ರಷ್ಯಾದ ಸಂಗೀತ ರಚನೆಕಾರ ಮೆಟ್ನರ್ ಅವರ ರಚನೆಗಳ ಧ್ವನಿಮುದ್ರಣಕ್ಕೆ ದುಡ್ಡು ಕೊಟ್ಟವರು.

ಆದರೆ ವೆದರ್ ರಿಪೋರ್ಟ್‌ನ 1978ರ ಆಲ್ಬಮ್ ‘ಮಿಸ್ಟರ್ ಗಾನ್’ನಲ್ಲಿ ನಯ ಅತಿಯಾಯಿತು. ‘ಹೆವಿ ವೆದರ್’ಗೆ ಐದು ಸ್ಟಾರ್ ಕೊಟ್ಟಿದ್ದ ‘ಡೌನ್‌ಬೀಟ್’ ಜಾಝ್ ಪತ್ರಿಕೆ ಇದಕ್ಕೆ ಒಂದೇ ಸ್ಟಾರ್ ಕೊಟ್ಟಿತು. ನನಗೂ ಅದು ಸ್ಟುಡಿಯೊದಲ್ಲಿ ಉಜ್ಜಿ ಉಜ್ಜಿ ಸವೆದ ಹಾಗೆ ಕೇಳಿಸುತ್ತದೆ. 1979ರ ‘8:30’ ಬಹುಪಾಲು ವೇದಿಕೆಯ ಧ್ವನಿಮುದ್ರಣ. ಅದರಲ್ಲಿ ‘ಬರ್ಡ್‌ಲ್ಯಾಂಡ್’ ಬರೆದದ್ದು ಬರೆದ ಹಾಗೇ ಇದೆ, ಆದರೆ ಆಗ ಬ್ಯಾಂಡಿನಲ್ಲಿದ್ದ ನಾಲ್ವರೂ ಅದನ್ನು ಅಟ್ಟಿಸಿಕೊಂಡು ಓಡುತ್ತಾರೆ.