ತುಂಗಾ ಪಾನ ಸ್ವೋರ್ಡ್‌ಟೇಲ್‌ಗೆ ಒಗ್ಗುವುದಿಲ್ಲ

ಗಂಗಾ ಸ್ನಾನ, ತುಂಗಾ ಪಾನ ಅನ್ನುತ್ತಾ ಬೆಳೆದವರು ನಾವು. ಅದಕ್ಕೇ ಶಿವಮೊಗ್ಗದಲ್ಲಿ ಅಕ್ವೇರಿಯಂನ ಸ್ವೋರ್ಡ್‌ಟೇಲ್ ಮೀನು ಸತ್ತರೆ ನೀರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ದೃಷ್ಟಿ ತಾಗಿತು ಅನ್ನುತ್ತಾರೆ, ತೊಟ್ಟಿ ಇಟ್ಟ ದಿಕ್ಕು ಸರಿಯಿಲ್ಲ ಅನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಹೊಸ ತೊಟ್ಟಿಯಾದರೆ ಮೀನಿನ ಕಸದಿಂದ ನೀರಿನಲ್ಲಿ ಸೇರುವ ವಿಷ, ಅಮೋನಿಯಾ, ನೋಡಿ, ಅದು ಎಲ್ಲರಿಗೂ ಗೊತ್ತು. ಹಳೇ ತೊಟ್ಟಿಯಲ್ಲೂ ಮೀನು ರೆಕ್ಕೆ ಮುದುಡಿಕೊಂಡು ನಿಂತಲ್ಲೇ ಮೈ ಕುಣಿಸುತ್ತಿದ್ದರೆ, ನಮ್ಮ ಸಿಹಿ ನೀರನ್ನೇ ಮೊದಲು ಅನುಮಾನಿಸಿ.

ಈ ಮೀನಿನ ತವರು ಮೆಕ್ಸಿಕೊದಿಂದ ಹೊಂಡುರಾಸ್‌ವರೆಗಿನ ಹೊಳೆಗಳು. 1848ರಲ್ಲಿ ಆಸ್ಟ್ರಿಯದ ಮೀನು ತಜ್ಞ ಹೆಕೆಲ್ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ. ಬಾಲದ ಕೆಳ ಅಂಚು ಕತ್ತಿಯಂತೆ ಉದ್ದ ಬೆಳೆಯುವುದು ಗಂಡಿಗೆ ಮಾತ್ರ, ಡಾರ್ವಿನ್ ಕೂಡ 1871ರಲ್ಲಿ ಅದರ ಬಗ್ಗೆ ಬರೆದಿದ್ದಾನೆ. ಕತ್ತಿ ಇರಲಿ, ನೀರಿಗೆ ಬರೋಣ. ಅದಕ್ಕೆ ಸುಣ್ಣದ ಅಂಶ ಇರುವ ಗಡಸು ನೀರು ಬೇಕು, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7ರಿಂದ 8ರ ಆಸುಪಾಸು. ನಮ್ಮದು ಮಳೆ ಸುರಿದು ಜಂಬಿಟ್ಟಿಗೆಯಲ್ಲಿ ಇಂಗಿದ ಮೆದು ನೀರು, ಸೋಪು ತಾಗಿಸಿದರೆ ಸಾಕು ನೊರೆಯೋ ನೊರೆ.

ಅಪ್ಪೆಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟರೆ ಮಿಡಿ ಸುಕ್ಕುತ್ತದೆ, ಅಲ್ವಾ? ಹೊರಗಿನ ಉಪ್ಪು ಒಳಗಿನ ನೀರನ್ನು ಎಳೆಯುತ್ತದೆ. ಮೀನಿನಲ್ಲಿ ಇದು ತಿರುಗುಮುರುಗು: ಉಪ್ಪು ಮೈಯೊಳಗಿದೆ, ಸಪ್ಪೆ ನೀರು ಹೊರಗಿದೆ, ಹಗಲೂ ರಾತ್ರಿ ನೀರು ಒಳಗೆ ನುಗ್ಗುತ್ತಲೇ ಇರುತ್ತದೆ. ಆಷಾಢದ ಅಡಿಕೆ ತೋಟವನ್ನು ನೆನೆಸಿಕೊಳ್ಳಿ. ಮೂತ್ರಪಿಂಡವೇ ಮೀನಿನ ಬಸಿಗಾಲುವೆ. ಬಸಿದ ನೀರಿನ ಜೊತೆ ಗೊಬ್ಬರದ ಸಾರವೂ ಹೋಗುವಂತೆ ಇಲ್ಲಿ ಉಪ್ಪೂ ಸ್ವಲ್ಪ ಸ್ವಲ್ಪ ಸೋರುತ್ತದೆ, ಅದನ್ನು ಕಿವಿರು ನೀರಿನಿಂದ ಹೆಕ್ಕಿ ತರಬೇಕು. ಸುಣ್ಣದಲ್ಲಿರುವ ಕ್ಯಾಲ್ಸಿಯಂನ ಕೆಲಸ ಇರುವುದು ಇಲ್ಲೇ. ಕಿವಿರಿನ ಜೀವಕೋಶಗಳ ಸಂದುಗಳನ್ನು ಅದು ಗಾರೆ ಮೆತ್ತಿದ ಹಾಗೆ ಬಿಗಿಯಾಗಿಡುತ್ತದೆ, ಸೋರಿಕೆ ಕಡಿಮೆಯಾಗುತ್ತದೆ. ಮೆದು ನೀರಿನಲ್ಲಿ ಗಾರೆಯೇ ಇಲ್ಲ. ಮೀನು ಸುಮ್ನೆ ಬದುಕಿರುವುದಕ್ಕೇ ಇದ್ದಬದ್ದ ಶಕ್ತಿಯೆಲ್ಲ ಸುರಿಯುತ್ತದೆ, ಆಮೇಲೆ ಸಣ್ಣ ಬೂಷ್ಟು ಬಂದರೂ ತಡೆಯುವುದಿಲ್ಲ.

ಶೃಂಗೇರಿಯ ಮೀನುಗಳು ಇದೇ ತುಂಗೆಯಲ್ಲಿ ದಷ್ಟಪುಷ್ಟವಾಗಿವೆಯಲ್ಲ ಎಂದು ಕೇಳುತ್ತೀರಿ. ಅವು ತಲತಲಾಂತರದಿಂದ ಈ ನೀರಿಗೇ ಹೊಂದಿಕೊಂಡವು.

ದಯವಿಟ್ಟು ಎಲೆ ಅಡಿಕೆಯ ಸುಣ್ಣ ಹಾಕಬೇಡಿ, ಪಿಎಚ್ ಒಮ್ಮೆಲೇ ಏರಿ ಮೀನು ಸಾಯುತ್ತದೆ. ಸಮುದ್ರದ ಕಪ್ಪೆಚಿಪ್ಪನ್ನು ಚೆನ್ನಾಗಿ ತೊಳೆದು, ಪುಡಿಮಾಡಿ, ಬಟ್ಟೆಯ ಗಂಟಿನಲ್ಲಿ ಫಿಲ್ಟರಿನೊಳಗೆ ಇಡಿ. ಸ್ವಲ್ಪ ಹುಳಿ ಇರುವ ನಮ್ಮ ಬಾವಿ ನೀರು ಅದನ್ನು ತಾನೇ ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ. ಗಂಟು ಸಣ್ಣದಾದಾಗ ಇನ್ನೊಂದು ಹಿಡಿ ಚಿಪ್ಪು ಸೇರಿಸಿದರಾಯಿತು.