ಫೋಟೋ ಜೋಡಣೆಯ ಪೇಟೆಂಟ್: ‘ಯಾರಿಗಾದರೂ ಹೊಳೆಯುತ್ತಿತ್ತು’ ಎಂಬ ಆಕ್ಷೇಪದ ಹಿಂದೆ

ಮದುವೆಯ ಫೋಟೋಗಳನ್ನು ಆಲ್ಬಂ ಪುಟಗಳಿಗೆ ತಾನಾಗಿಯೇ ಹೊಂದಿಸುವ ತಂತ್ರಾಂಶ ಕುಂಬಳೆ, ಬದಿಯಡ್ಕದ ಸ್ಟುಡಿಯೋದವರಿಗೂ ಅಪರಿಚಿತವಲ್ಲ. ಚಿತ್ರದ ಅಗಲ, ಎತ್ತರಗಳ ಅನುಪಾತ ನೋಡಿ, ಮುಖ ಕತ್ತರಿಸಿಹೋಗದಂತೆ ಕಾಯ್ದು, ಪುಟವನ್ನು ಅಡ್ಡಕ್ಕೂ ಉದ್ದಕ್ಕೂ ಸೀಳುತ್ತ ಹೋಗುವುದು ಅದರ ಒಂದು ವಿಧಾನ. ಇಂಥದ್ದಕ್ಕೆ ಪೇಟೆಂಟ್ ಕೇಳಿದರೆ ಬರುವ ಆಕ್ಷೇಪ: ಕಸುಬು ಬಲ್ಲ ಯಾರಿಗಾದರೂ ಇದು ಹೊಳೆಯುತ್ತಿತ್ತು.

ತಕರಾರು ಹಳೆಯದು. ಬಾಗಿಲ ಹಿಡಿಯನ್ನು ಮರ, ಲೋಹದ ಬದಲು ಜೇಡಿಮಣ್ಣಿನಲ್ಲಿ ಮಾಡಿದರೆ ಅದು ಆವಿಷ್ಕಾರವಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು 1851ರಲ್ಲಿ. 1952ರಲ್ಲಿ ಆ ತತ್ವ ಶಾಸನಕ್ಕೆ ಸೇರಿತು. ಮುಂದೆ ಅಲ್ಲಿನ ಮೇಲ್ಮನವಿ ನ್ಯಾಯಾಲಯಗಳು ಒಂದು ಕಟ್ಟು ಹಾಕಿದವು: ಮೊದಲೇ ಪ್ರಕಟವಾದ ಎರಡು ದಾಖಲೆಗಳನ್ನು (ಹಳೆಯ ಪೇಟೆಂಟ್, ಲೇಖನ ಇತ್ಯಾದಿ) ಕೂಡಿಸಿ ಅರ್ಜಿ ತಳ್ಳಿಹಾಕಬೇಕಾದರೆ, ಕೂಡಿಸಲು ಬೋಧನೆಯೋ ಸೂಚನೆಯೋ ಪ್ರೇರಣೆಯೋ ಇತ್ತೆಂದು ತೋರಿಸಬೇಕು. 2007ರಲ್ಲಿ, ವಾಹನದ ಪೆಡಲ್‌ ಕುರಿತ ಕೆಎಸ್‌ಆರ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಆ ಕಟ್ಟನ್ನು ಸಡಿಲಿಸಿತು. ಕಸುಬುದಾರನಿಗೂ ಸಾಮಾನ್ಯ ಸೃಜನಶೀಲತೆ ಇರುತ್ತದೆ, ಅವನು ಯಂತ್ರವಲ್ಲ ಎಂಬುದು ಅದರ ಮಾತು. ಆದರೆ ಕಾರಣಗಳನ್ನು ಬಿಡಿಸಿ ಹೇಳಬೇಕೆಂದೂ ಅದೇ ತೀರ್ಪಿನಲ್ಲಿದೆ. ಈ ಎರಡನೆಯ ಭಾಗ ಸುಲಭವಾಗಿ ಮರೆತುಹೋಗುತ್ತದೆ.

ಚಿತ್ರಜೋಡಣೆಯಲ್ಲಿ ಇದು ಎದ್ದುಕಾಣುತ್ತದೆ. ಒಂದು ದಾಖಲೆಯಲ್ಲಿ ಮುಖ ಗುರುತಿಸುವ ವಿಧಾನ, ಇನ್ನೊಂದರಲ್ಲಿ ಪುಟವಿನ್ಯಾಸ, ಕೂಡಿಸಿದರಾಯಿತು ಎನ್ನಬಹುದು. ಆದರೆ ಮುಖ ಸಿಕ್ಕ ಮೇಲೆ ಪುಟದ ಲೆಕ್ಕ ಹೇಗೆ ಬದಲಾಗಬೇಕೆಂದು ಎರಡೂ ಹೇಳದಿದ್ದರೆ? ಒಂದು ಚಿತ್ರ ಹಿಗ್ಗಿದರೆ ಉಳಿದವೆಲ್ಲ ಸರಿಯಬೇಕು. ಅಜ್ಜಿಯ ಮುಖ ಪುಟದ ಮಡಿಕೆಗೆ ಬೀಳಬಾರದು. ಉತ್ತರ ಕಂಡ ಮೇಲೆ ಎಲ್ಲವೂ ಸರಳ. ಅರ್ಜಿ ಸಲ್ಲಿಕೆಯಾದ ದಿನದ ಹಿಂದೆ ನಿಂತು ನೋಡುವುದು ಕಷ್ಟ, ಅದನ್ನೇ ಕಾನೂನು ಕೇಳುತ್ತದೆ.

ನಮ್ಮ ಸುಪ್ರೀಂ ಕೋರ್ಟು 1978ರಲ್ಲಿ, ಪಾತ್ರೆ ತಯಾರಿಕೆಯ ಪ್ರಕರಣವೊಂದರಲ್ಲಿ, ಕಾರ್ಯಾಗಾರದ ಮಾಮೂಲಿ ಸುಧಾರಣೆ ಸಾಲದು ಎಂದಿತ್ತು. ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲವೆನ್ನುವ ಕಲಂ ಬೇರೆಯೇ ಇದೆ. ಕಾಸರಗೋಡಿನವರ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಪೇಟೆಂಟ್ ಮೇಲ್ಮನವಿಗಳನ್ನು ಕೇಳುತ್ತಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾದ ಬಳಿಕ ಆ ಕಚೇರಿಯ ಆದೇಶದ ವಿರುದ್ಧ ಹೋಗಬೇಕಾದದ್ದು ಮದ್ರಾಸ್ ಹೈಕೋರ್ಟಿಗೆ. ಮಂಗಳೂರಿನ ಮಗ್ಗುಲಲ್ಲಿರುವ ಗಡಿನಾಡಿಗರಿಗೆ ಇದು ಸಣ್ಣ ದೂರವಲ್ಲ.

ಹಳೆಯ ಜ್ಞಾನ ಯಾವುದು, ಅರ್ಜಿಯಲ್ಲಿರುವ ಆವಿಷ್ಕಾರ ಯಾವುದು, ಮೊದಲಿನದರಿಂದ ಎರಡನೆಯದು ಬಲ್ಲವನಿಗೆ ಹೇಗೆ ಹೊಳೆಯುತ್ತಿತ್ತು ಎಂಬ ಮೂರನ್ನೂ ಅರ್ಜಿ ತಳ್ಳಿಹಾಕುವ ಆದೇಶ ವಿವರಿಸಬೇಕೆಂದು 2022ರಲ್ಲಿ ದೆಹಲಿ ಹೈಕೋರ್ಟು ಅಗ್ರಿಬೋರ್ಡ್ ಪ್ರಕರಣದಲ್ಲಿ ಹೇಳಿದೆ. ಚೆನ್ನೈಗೆ ಹೊರಡುವವರು ತಮ್ಮ ಆದೇಶದಲ್ಲಿ ಮೊದಲು ಹುಡುಕಬೇಕಾದದ್ದು ಆ ಮೂರನೆಯದನ್ನು.